ಹೊಳವು

18 ಜುಲೈ 2024, ಗುರುವಾರ ರಾತ್ರಿ

ಇವತ್ತು ಯಾರೂ ನನಗೆ ಏನೂ ಅನ್ನಲಿಲ್ಲ. ಏನೂ ಕಳೆದುಹೋಗಲಿಲ್ಲ. ಆದರೂ ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟವಳು ದೀಪ ಹಾಕದೆ ಮಂಚದ ತುದಿಯಲ್ಲಿ ಕುಳಿತೇ ಇದ್ದೆ. ಎದುರು ಮನೆಯ ಕುಕ್ಕರ್ ಎರಡು ಸಲ ಕೂಗಿದ್ದು ಮಾತ್ರ ನೆನಪಿದೆ.

ಕಾರಣವಿದ್ದರೆ ಅತ್ತು ಹಗುರಾಗಬಹುದು. ಇದಕ್ಕೆ ಹೆಸರೂ ಸಿಗುವುದಿಲ್ಲ. ಖಿನ್ನತೆ ಎಂದರೆ ವೈದ್ಯರ ಚೀಟಿಯ ಮಾತು. ದುಗುಡ ಹಳೆಯ ಕಾವ್ಯಗಳ ರಾಣಿಯರಿಗೆ ಒಪ್ಪುತ್ತದೆ. ಬೇಜಾರು ಬಸ್ಸು ತಪ್ಪಿದರೂ ಆಗುತ್ತದೆ. ಕೊನೆಗೆ ಎದ್ದು ಕಿಟೆಲ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಕಥೆ ಓದುವಷ್ಟು ತ್ರಾಣವಿಲ್ಲದ ದಿನ ನಾನು ಬರೀ ಪದಗಳನ್ನು ಓದುತ್ತೇನೆ. ಎಲ್ಲಿ ಬೇಕಾದರೂ ನಿಲ್ಲಬಹುದು.

ಬೇಸರ ಸಿಕ್ಕಿತು. ಅದಕ್ಕಿಂತ ಮೇಲೆ ಬೇಸಗೆ, ಕೆಳಗೆ ಬೇಸಾಯ.

ಕಿಟೆಲ್ ಜರ್ಮನಿಯಿಂದ ಇಲ್ಲಿಗೆ ಬಂದದ್ದು 1853ರಲ್ಲಿ. ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅಷ್ಟು ವರ್ಷಗಳಲ್ಲಿ ಇಂಥ ಸಂಜೆಗಳು ಅವರಿಗೂ ಎಷ್ಟು ಬಂದಿರಬೇಕು! ಹಂಚಿನ ಮೇಲೆ ಕರಾವಳಿಯ ಮಳೆ, ಎಣ್ಣೆದೀಪ, ತೇವಕ್ಕೆ ಮೆತ್ತಗಾದ ಕಾಗದ, ಅದರ ಮೇಲೆ ‘ಬೇಸರ’ ಎಂದು ಬರೆದು, ಅರ್ಥ ಬರೆಯುವ ಮೊದಲು ಕಿಟಕಿಯ ಆಚೆ ನೋಡುತ್ತಾ ಕುಳಿತ ಒಬ್ಬ ಮನುಷ್ಯ. ನಾನೂ ಆ ಕೋಣೆಯೊಳಗೇ ಇದ್ದೆ, ಫೋನು ರಿಂಗಾಗುವವರೆಗೆ.

ದೊಡ್ಡಮ್ಮ. ಸಾಗರದ ಕಡೆ ಮೂರು ದಿನದಿಂದ ಕರೆಂಟಿಲ್ಲವಂತೆ. ಪಕ್ಕದ ಮನೆಯಲ್ಲಿ ಮೊಬೈಲ್ ಚಾರ್ಜ್ ಮಾಡಿಸಿಕೊಂಡು ಬಂದಿದ್ದಾಳೆ.

“ಏನೇ, ಸ್ವರ ಇಳಿದುಹೋಗಿದೆ? ಊಟ ಆಯಿತಾ?”

“ಇಲ್ಲ ದೊಡ್ಡಮ್ಮ, ಓದುತ್ತಿದ್ದೆ.”

“ಅದನ್ನೇ ನನಗೂ ಓದಿ ಹೇಳು. ಟಿವಿ ಇಲ್ಲ, ಪೇಪರ್ ಬಂದಿಲ್ಲ.”

ನಿಘಂಟು ಎನ್ನಲು ಸಂಕೋಚವಾಯಿತು. ಆದರೂ ಓದಿದೆ: ಬೇಸಗೆ, ಬೇಸರ, ಬೇಸಾಯ. ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

“ನಿನ್ನ ದೊಡ್ಡಪ್ಪನದ್ದೂ ಅದೇ ಕಥೆ. ಅಡಿಕೆ ತೋಟಕ್ಕೆ ಕೊಳೆರೋಗದ ಎರಡನೇ ಮದ್ದು ಹೊಡೆಯಬೇಕು. ಸುಣ್ಣ, ಮೈಲುತುತ್ತ ಎಲ್ಲಾ ತಂದಿಟ್ಟಾಗಿದೆ. ಬೆಳಗಿನಿಂದ ಹತ್ತು ಸಲ ಅಂಗಳಕ್ಕಿಳಿದು ಆಕಾಶ ನೋಡಿ ಬಂದರು. ಪುನರ್ವಸು ಮಳೆ ಮುಗಿಯುತ್ತಾ ಬಂತು, ಒಂದು ಹೊಳವು ಕೊಡಲಿಲ್ಲ ನೋಡು.”

ಹೊಳವು! ಎಷ್ಟು ವರ್ಷವಾಗಿತ್ತು ಈ ಪದ ಕಿವಿಗೆ ಬಿದ್ದು. ಬೆಂಗಳೂರಿನಲ್ಲಿ ಮಳೆ ನಿಲ್ಲುತ್ತದೆ, ಹೊಳವಾಗುವುದಿಲ್ಲ. ಹೊಳವೆಂದರೆ ಎರಡು ಮಳೆಗಳ ನಡುವೆ ಆಕಾಶ ಒಂದಿಷ್ಟು ಬೆಳ್ಳಗಾಗುವ ಹೊತ್ತು. ಸೂರಿನ ಹನಿ ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಅಷ್ಟರಲ್ಲೇ ದೊಡ್ಡಮ್ಮ ಹೊಗೆವಾಸನೆಯ ಬಟ್ಟೆಗಳನ್ನು ಅಂಗಳದ ತಂತಿಗೆ ಹಾಕುತ್ತಿದ್ದಳು. ಅದೆಷ್ಟು ಹೊತ್ತು ಇರುತ್ತದೆಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ.

ಕೊಳೆರೋಗ ಬಂದರೆ ಹಸಿರು ಅಡಿಕೆಯೆಲ್ಲ ಮರದ ಬುಡದಲ್ಲಿ ಉದುರಿ ಬಿದ್ದಿರುತ್ತದೆ. ಒಂದು ವರ್ಷ ದೊಡ್ಡಪ್ಪ ಅದನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿದ್ದನ್ನು ನೋಡಿದ್ದೇನೆ. ಒಂದು ಮಾತೂ ಆಡಿರಲಿಲ್ಲ. ಅವರಿಗೆ ನಾಳೆ ಎರಡು ತಾಸಾದರೂ ಬಿಸಿಲು ಸಿಗಲಿ, ದೇವರೇ.

“ನಿನಗೇನಾಗಿದೆ ಹೇಳು” ಎಂದಳು ದೊಡ್ಡಮ್ಮ.

“ಏನಿಲ್ಲ. ಇಲ್ಲೂ ಹೊಳವಾಗಿಲ್ಲ, ಅಷ್ಟೇ.”

ಅವಳು ಮತ್ತೆ ಕೆದಕಲಿಲ್ಲ. “ಆಗುತ್ತದೆ, ಅನ್ನಕ್ಕಿಡು ಹೋಗು” ಎಂದು ಫೋನಿಟ್ಟಳು.

ಅನ್ನಕ್ಕಿಟ್ಟಿದ್ದೇನೆ. ನಿಘಂಟು ಈಗ ‘ಹೊ’ ಅಕ್ಷರದಲ್ಲಿ ತೆರೆದುಕೊಂಡಿದೆ. ಹೊಳೆ ಎಂದರೆ ನದಿ. ಹೊಳೆ ಎಂದರೆ ಮಿನುಗು. ಮನಸ್ಸಿಗೆ ಏನಾದರೂ ಹೊಳೆಯುವುದೂ ಇದೇ ಪದದಲ್ಲಿ. ಚಿಕ್ಕವಳಿದ್ದಾಗ, ವರದಾ ನದಿ ಹುಟ್ಟುವ ವರದಾಮೂಲಕ್ಕೆ ಹೋದಾಗ, ಇಷ್ಟು ಚಿಕ್ಕ ನೀರು ಹೊಳೆಯಾಗುವುದು ಹೇಗೆ ಎಂದು ಕೇಳಿದ್ದಕ್ಕೆ ದೊಡ್ಡಪ್ಪ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು