ಮೂರು ಸಿಲಿಂಡರ್, ಒಂದು ಇಸ್ತ್ರಿ ಬಾಟಲಿ

ನಮ್ಮ ಮಾರುತಿ 800 ಎಷ್ಟು ಓಡಿದೆ ಅಂತ ಯಾರಾದರೂ ಕೇಳಿದರೆ ಮೀಟರ್ ನೋಡಿ ಪ್ರಯೋಜನವಿಲ್ಲ. ಮೀಟರ್ ಕೇಬಲ್ ಎರಡು ಸಲ ತುಂಡಾಗಿತ್ತು. ಒಂದು ಸಲವಂತೂ ಎಂಟು ತಿಂಗಳು ಮುಳ್ಳು ಸೊನ್ನೆಯಲ್ಲೇ ಕೂತಿತ್ತು. ಲೆಕ್ಕ ಬೇಕಾದರೆ ಅಪ್ಪನ ಡೈರಿ ತೆಗೆಯಬೇಕು. ಅಡಿಕೆ ಸೊಸೈಟಿಯವರು ಪ್ರತಿ ವರ್ಷ ಕೊಡುತ್ತಿದ್ದ ಕೆಂಪು ರಟ್ಟಿನ ಡೈರಿ. ಅಡಿಕೆ ಕೊಯ್ಲಿನ ಕೂಲಿ ಲೆಕ್ಕದ ಪಕ್ಕದಲ್ಲೇ ಪೆಟ್ರೋಲ್, ಆಯಿಲ್, ಟಯರ್ ಎಲ್ಲ ಇದೆ. ಮೀಟರ್ ಕೆಟ್ಟಿದ್ದ ದಿನಗಳಲ್ಲೂ 'ತೀರ್ಥಹಳ್ಳಿ ಹೋಗಿ ಬಂದದ್ದು' ಅಂತ ಬರೆದು ಅಂದಾಜು ಕಿಲೋಮೀಟರ್ ಹಾಕಿದ್ದಾರೆ. ಅದನ್ನೆಲ್ಲ ಕೂಡಿಸಿ, ಅಪ್ಪ ಹೋದ ಮೇಲೆ ನಾನು ಓಡಿಸಿದ್ದನ್ನೂ ಸೇರಿಸಿದರೆ 2,40,000 ದಾಟುತ್ತದೆ.

ಗಾಡಿ 1997ರದ್ದು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಹಳೇ ಕಾಲದ ಕಾರ್ಬುರೇಟರ್ ಇರುವುದು. ಬೆಳಿಗ್ಗೆ ಚೋಕ್ ಎಳೆದೇ ಸ್ಟಾರ್ಟ್ ಮಾಡಬೇಕು. 796 ಸಿಸಿ, ಮೂರೇ ಸಿಲಿಂಡರ್. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಮಾರಾಟವಾಯಿತು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಮೂವತ್ತು ವರ್ಷ ಬಂದ ಗಾಡಿಯಾದ್ದರಿಂದ ಸಾಮಾನಿಗೆ ಬರವಿಲ್ಲ. ನಮ್ಮೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಹಾಗಾಗಿ ಇದನ್ನು ಇಟ್ಟುಕೊಳ್ಳುವುದು ಜನ ಅಂದುಕೊಂಡಷ್ಟು ಹುಚ್ಚುತನವಲ್ಲ. ಸ್ವಲ್ಪ ಹುಚ್ಚು ಇದೆ, ಇಲ್ಲ ಅನ್ನುವುದಿಲ್ಲ.

ಹೋದ ವರ್ಷ ಜುಲೈ. ಉಡುಪಿಯಿಂದ ವಾಪಸ್ ಬರುತ್ತಿದ್ದೆವು, ನಾನು ಮತ್ತು ಮಗಳು. ಹೆಬ್ರಿ ದಾಟುವಾಗಲೇ ಮಳೆ. ಸೋಮೇಶ್ವರ ಬಿಟ್ಟು ಆಗುಂಬೆ ಘಾಟಿ ಹತ್ತುವಾಗ ವೈಪರ್ ಎಷ್ಟು ಹೊಡೆದುಕೊಂಡರೂ ಏನೂ ಕಾಣದಂಥ ಮಳೆ. ಘಾಟಿಯಲ್ಲಿ ಹದಿನಾಲ್ಕು ತಿರುವು. ಆರನೆಯದೋ ಏಳನೆಯದೋ ತಿರುವಿನಲ್ಲಿ ಗಾಡಿ ಗೊರ ಗೊರ ಅಂದಿತು. ಪಿಕಪ್ ಇಲ್ಲ. ಸೀಟಿನ ಕೆಳಗಿಂದ ನಡುಕ. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಸರಿದರೆ ಪಾತ್ರೆ ಹೇಗೆ ಕುಣಿಯುತ್ತದೋ ಹಾಗೆ. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಸತ್ತರೂ ಹೇಗೋ ನಡೆಯುತ್ತದೆ. ಮೂರರಲ್ಲಿ ಒಂದು ಹೋದರೆ ಘಾಟಿ ಹತ್ತುವುದು ಅಂದರೆ ಗೊಣಗುವ ಗಂಡನನ್ನು ಮದುವೆ ಮನೆಗೆ ಎಳೆದುಕೊಂಡು ಹೋದ ಹಾಗೆ. ಫಸ್ಟ್ ಗೇರಿನಲ್ಲಿ ಹೇಗೋ ಮೇಲೆ ತಂದೆ.

ಮರುದಿನ ಬಿಸಿಲು ಬಂತು. ಗಾಡಿ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಓಡಿತು. ಎರಡು ದಿನ ಬಿಟ್ಟು ಮತ್ತೆ ಮಳೆ, ಮತ್ತೆ ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಕೆಲಸ ತಪ್ಪಿಸುವುದು.

ನಮ್ಮ ಹಳೆಯ ಮೆಕ್ಯಾನಿಕ್ ಅಣ್ಣ ಮಂಡಿ ನೋವು ಅಂತ ಶೆಡ್ ಮುಚ್ಚಿದ್ದಾರೆ. ಹಾಗಾಗಿ ಬೇರೆ ಗ್ಯಾರೇಜಿಗೆ ಬಿಟ್ಟೆ. ಪ್ಲಗ್ ಮೂರೂ ಹೊಸದು ಹಾಕಿದರು. ಸರಿಯಾಗಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದರು. ಸರಿಯಾಗಲಿಲ್ಲ. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು. ಮೂರನೆಯ ಸಲ ಹೋದಾಗ "ಮೇಡಂ, ಕಂಪ್ರೆಷನ್ ಹೋಗಿದೆ. ಇಂಜಿನ್ ಕೆಲಸ ಮಾಡಿಸ್ಬೇಕು" ಅಂದರು. ಮೂವತ್ತು ಸಾವಿರ. ಸಿಲಿಂಡರಿನೊಳಗಿನ ಒತ್ತಡ, ಅಂದರೆ ಆ ಕಂಪ್ರೆಷನ್ ಅಳೆಯುವ ಗೇಜ್ ಹಾಕಿ ನೋಡಿದಿರಾ ಅಂತ ಕೇಳಿದೆ. ಶಬ್ದ ಕೇಳಿದರೇ ಗೊತ್ತಾಗುತ್ತೆ ಅಂದರು.

ನನಗೆ ಸಿಟ್ಟು ಬಂದಿದ್ದು ಮೂವತ್ತು ಸಾವಿರಕ್ಕಲ್ಲ. ಒಂದೊಂದೇ ಸಾಮಾನು ಬದಲಾಯಿಸುತ್ತಾ ಹೋಗುವುದು ರಿಪೇರಿ ಅಲ್ಲ, ಅಲ್ವಾ? ಅದು ಲಾಟರಿ. ಟಿಕೆಟ್ ದುಡ್ಡು ನಮ್ಮದು.

ಸಂಜೆ ಹಳೆಯ ಅಣ್ಣನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಮಳೆ ಬಂದಾಗ ಮಾತ್ರನಾ ಅಮ್ಮಾ?"

"ಹೌದಣ್ಣ."

"ಹಾಗಾದ್ರೆ ಕರೆಂಟಿನ ಕಡೆ ನೋಡು. ಪಿಸ್ಟನ್ನಿಗೆ ಮಳೆ ಬಿಸಿಲು ಎಲ್ಲಿ ಗೊತ್ತಾಗುತ್ತೆ?"

ಮೊದಲು ಕಂಪ್ರೆಷನ್ ಅನುಮಾನ ಕಳೆದುಕೊಳ್ಳೋಣ ಅಂತ ಅವರ ಹತ್ತಿರವೇ ಗೇಜ್ ಇಸ್ಕೊಂಡು ಬಂದೆ. ಇಂಜಿನ್ ಬಿಸಿ ಇರುವಾಗ ಮೂರೂ ಪ್ಲಗ್ ಬಿಚ್ಚಬೇಕು. ಕಿಡಿಗೆ ಕರೆಂಟು ಕೊಡುವ ಕಾಯಿಲ್‌ಗೆ ಹೋಗುವ ವೈರ್ ಕಳಚಿ ಇಡಬೇಕು. ಪ್ಲಗ್ ತೂತಿಗೆ ಗೇಜ್ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸೆಲ್ಫ್ ಹೊಡೆಯಬೇಕು. ಒತ್ತುವ ಕೆಲಸ ಮಗಳದ್ದು, ನೋಡುವ ಕೆಲಸ ನನ್ನದು. 150, 145, 150 ಪಿಎಸ್‌ಐ (ಒತ್ತಡದ ಅಳತೆ) ಬಂತು. ಇಲ್ಲಿ ನೋಡಬೇಕಾದ್ದು ಮೂರೂ ಹತ್ತಿರ ಹತ್ತಿರ ಇವೆಯಾ ಅನ್ನುವುದನ್ನು. ಒಂದು ಮಾತ್ರ ತುಂಬಾ ಕೆಳಗಿದ್ದರೆ ಆ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಆಗ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ತೊಂದರೆ ಅಂತ ಅನುಮಾನ ಪಡಬಹುದು. ನಮಗೆ ಅಷ್ಟು ದೂರ ಹೋಗುವ ಅಗತ್ಯವೇ ಬರಲಿಲ್ಲ. ಮೂವತ್ತು ಸಾವಿರ ಅಲ್ಲೇ ಉಳಿಯಿತು.

ಆಮೇಲೆ ರಾತ್ರಿ ಊಟವಾದ ಮೇಲೆ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಜಗಲಿಯ ದೀಪ ಆರಿಸಿದೆವು. ಇಂಜಿನ್ ಓಡುತ್ತಿತ್ತು. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಹೊಡೆಯುವ ಬಾಟಲಿ ಇರುತ್ತದಲ್ಲ, ಅದರಲ್ಲಿ ಪ್ಲಗ್ ವೈರುಗಳ ಮೇಲೆ ಸಣ್ಣಗೆ ನೀರು ಚಿಮುಕಿಸಿದೆ. ಕೈ ದೂರವೇ ಇತ್ತು, ವೈರ್ ಮುಟ್ಟಲಿಲ್ಲ. ಅದರಲ್ಲಿ ಇರುವುದು ಸಾವಿರಾರು ವೋಲ್ಟ್. ಮೊದಲನೆಯ ವೈರಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಹೊಡೆದ ಕೂಡಲೇ ಗಾಡಿ ನಡುಗಿತು. ಕತ್ತಲಲ್ಲಿ ವೈರಿನ ಮೈಮೇಲೆ ನೀಲಿ ಎಳೆಯೊಂದು ಹರಿದಾಡಿತು. ಚಿಟ್ ಚಿಟ್ ಅಂತ ಶಬ್ದ. ವೈರ್ ಇಂಜಿನ್ ಪಕ್ಕದ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆದಿದ್ದ ಜಾಗದಲ್ಲಿ ಕಿಡಿ ಪ್ಲಗ್ಗಿಗೆ ಹೋಗದೆ ಕಬ್ಬಿಣಕ್ಕೆ ಹಾರುತ್ತಿತ್ತು. ಮಗಳು "ಅಮ್ಮಾ, ಮಿಂಚುಹುಳ!" ಅಂದಳು. ಹದಿನೈದು ದಿನ, ಮೂರು ಸಲ ಗ್ಯಾರೇಜಿಗೆ ಓಡಾಟ, ಕೊನೆಗೆ ಉತ್ತರ ಇಷ್ಟೇ.

ಇಷ್ಟೇ ಅಂತ ಬಿಡಲಿಲ್ಲ. ಬೆಳಿಗ್ಗೆ, ಕಿಡಿಯನ್ನು ಸರದಿಯಂತೆ ಮೂರೂ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ. ಒಳಗೆ ಒಂದು ಕಂಬಿಯಿಂದ ಪಕ್ಕದ ಕಂಬಿಗೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಅದು ಕೊಳೆಯಲ್ಲ. ಕಿಡಿ ಓಡಾಡಿ ಓಡಾಡಿ ಪ್ಲಾಸ್ಟಿಕ್ ಸುಟ್ಟು ಆದ ಇಂಗಾಲದ ದಾರಿ. ಒಮ್ಮೆ ಆ ದಾರಿ ಬಿದ್ದರೆ ಸ್ವಲ್ಪ ತೇವ ಸಾಕು, ಕರೆಂಟು ಅಲ್ಲೇ ಹೋಗುತ್ತದೆ. ಕ್ಯಾಪ್, ರೋಟರ್, ವೈರ್ ಸೆಟ್ ಮೂರೂ ತಂದೆ. ಎಲ್ಲ ಸೇರಿ ಸಾವಿರದ ಇನ್ನೂರು ಚಿಲ್ಲರೆ. ವೈರ್ ಒಂದೊಂದೇ ಬಿಚ್ಚಿ ಒಂದೊಂದೇ ಹಾಕಬೇಕು. ಮೂರೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಈ ಇಂಜಿನ್ನಿನಲ್ಲಿ ಕಿಡಿ ಹೊಡೆಯುವ ಕ್ರಮ 1-3-2. ನಾನು ಮೊದಲ ಸಲ ಅದನ್ನು 1-2-3 ಅಂದುಕೊಂಡು ಅರ್ಧ ದಿನ ಕಳೆದಿದ್ದೆ. ಅದು ಬೇರೆ ಕಥೆ, ಅಪ್ಪ ಇನ್ನೂ ಇದ್ದಾಗ. ಅವರು ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು, ಒಂದು ಮಾತೂ ಹೇಳಲಿಲ್ಲ. ಸಂಜೆ ಕಾಫಿ ಕುಡಿಯುವಾಗ "ಮೂರು ಮತ್ತೆ ಎರಡು ಅದಲು ಬದಲು" ಅಂದರು.

ಹಳೆಯ ಗಾಡಿಗಳ ವಿಷಯದಲ್ಲಿ ನನಗೆ ಜಾಸ್ತಿ ಕಿರಿಕಿರಿ ಮಾಡುವ ಇನ್ನೊಂದು ಅಭ್ಯಾಸ ಅಂದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತು ಬಿಸಾಡುವುದು. ಗಾಡಿ ಬಿಸಿಯಾಗುತ್ತೆ ಅಂದರೆ ಸಾಕು, "ಇದು ನಮ್ಮ ದೇಶಕ್ಕೆ ಬೇಡ ಮೇಡಂ" ಅಂತ ತೆಗೆದುಬಿಡುತ್ತಾರೆ. ಹಾಗೆ ಮಾಡಿದರೆ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಮಲೆನಾಡಿನ ಡಿಸೆಂಬರ್ ಬೆಳಿಗ್ಗೆಯಲ್ಲಂತೂ ಚೋಕ್ ಒಳಗೆ ತಳ್ಳುವ ಹಾಗೇ ಇಲ್ಲ, ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಅದು ಕೆಟ್ಟಿದೆಯೋ ಇಲ್ಲವೋ ನೋಡುವುದು ಮೊಟ್ಟೆ ಬೇಯಿಸುವಷ್ಟೇ ಸುಲಭ. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಡಿ, ತಳ ಮುಟ್ಟಬಾರದು. ಪಕ್ಕದಲ್ಲಿ ಒಂದು ಥರ್ಮಾಮೀಟರ್. ಜ್ವರ ನೋಡುವುದಲ್ಲ, ನೂರು ಡಿಗ್ರಿವರೆಗೆ ಇರುವುದು. ಎಷ್ಟು ಡಿಗ್ರಿಗೆ ಬಾಯಿ ತೆರೆಯಬೇಕು ಅಂತ ಸಾಮಾನ್ಯವಾಗಿ ಅದರ ಮೈಮೇಲೇ ಕೆತ್ತಿರುತ್ತದೆ. ನಮ್ಮದು ನೀರು ಕುದಿದರೂ ಬಾಯಿ ಬಿಡಲಿಲ್ಲ. ಹೊಸದು ಹಾಕಿದೆ, ಬಿಸಿಯಾಗುವುದು ನಿಂತಿತು. ಅತ್ತೆ ಮಾತ್ರ ಆ ಪಾತ್ರೆಯನ್ನು ಅಡಿಗೆಮನೆಗೆ ಮತ್ತೆ ಸೇರಿಸಿಲ್ಲ. ಅದೀಗ ನನ್ನ ನಟ್ಟು ಬೋಲ್ಟಿನ ಪಾತ್ರೆ.

ಇನ್ನೊಂದು ವಿಷಯ ಗಂಭೀರವಾದದ್ದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಅಂದರೆ ಶೇಕಡ 20ರಷ್ಟು ಎಥನಾಲ್. ನಮ್ಮ ಗಾಡಿ ತಯಾರಾದಾಗ ಇಂಥದ್ದು ಬರುತ್ತದೆ ಅಂತ ಯಾರೂ ಕನಸು ಕಂಡಿರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒಂದು ಬೆಳಿಗ್ಗೆ ಶೆಡ್ ಬಾಗಿಲು ತೆರೆದರೆ ಪೆಟ್ರೋಲ್ ವಾಸನೆ. ಪಂಪಿಗೆ ಬರುವ ಪೈಪನ್ನು ಬಗ್ಗಿಸಿ ನೋಡಿದರೆ ಒಣಗಿದ ಬಾಳೆ ಪಟ್ಟೆಯ ಹಾಗೆ ಸೀಳು ಸೀಳು. ಕೆಳಗೆ ಸುಡುವ ಎಕ್ಸಾಸ್ಟ್ ಇರುತ್ತದೆ, ಪೆಟ್ರೋಲ್ ಬಿದ್ದರೆ ಬೆಂಕಿಯೇ, ನೆನಪಿರಲಿ. ಆ ದಿನವೇ ಪೈಪ್, ಕ್ಲಿಪ್ ಎಲ್ಲ ಬದಲಾಯಿಸಿದೆ. ಎಥನಾಲ್ ತಡೆಯುವ ಪೈಪ್ ಬೇಕು ಅಂತಲೇ ಕೇಳಿ ತೆಗೆದುಕೊಳ್ಳಿ. ಗ್ಯಾಸ್ ಪೈಪನ್ನೋ ನೀರಿನ ಪೈಪನ್ನೋ ಕತ್ತರಿಸಿ ಹಾಕಬೇಡಿ. ತಿಂಗಳು ಎರಡು ತಿಂಗಳು ಗಾಡಿ ತೆಗೆಯುವುದಿಲ್ಲ ಅಂದರೆ ಸುಮ್ನೆ ನಿಲ್ಲಿಸಿ ಬಿಡಬೇಡಿ, ವಾರಕ್ಕೊಮ್ಮೆ ಓಡಿಸಿ.

ಇಲಿ ಕಾಟದ ಬಗ್ಗೆ ಬರೆದರೆ ಬೇರೆ ಪೋಸ್ಟೇ ಆಗುತ್ತದೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಅಡಿಕೆ ಸಿಪ್ಪೆಯ ಗೂಡು ಸಿಕ್ಕಿತ್ತು, ನಾಲ್ಕು ಮರಿ ಸಮೇತ. ಅಷ್ಟೇ ಹೇಳುತ್ತೇನೆ.

ನಾನು ಮಾಡದ ಕೆಲಸಗಳೂ ಇವೆ. ಬ್ರೇಕ್ ಕೆಲಸ ನಾನು ಮುಟ್ಟುವುದಿಲ್ಲ. ಟೈಮಿಂಗ್ ಬೆಲ್ಟೂ ಅಷ್ಟೇ, ಅದಕ್ಕೆ ಗೊತ್ತಿರುವವರ ಕೈಯೇ ಬೇಕು. ಜಾಕ್ ಮೇಲೆ ಮಾತ್ರ ನಿಂತಿರುವ ಗಾಡಿಯ ಕೆಳಗೆ ತಲೆ ಹಾಕುವುದಿಲ್ಲ. ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಒಂದು ಸಲ ಗಾಡಿಯನ್ನು ಜೋರಾಗಿ ಅಲ್ಲಾಡಿಸಿ ನೋಡಿ ಕೆಳಗೆ ಹೋಗುತ್ತೇನೆ. ಎಷ್ಟು ಅವಸರವಿದ್ದರೂ ಇಷ್ಟು ಮಾಡಿಯೇ ತೀರಬೇಕು.

"ಇಷ್ಟೆಲ್ಲ ಯಾಕೆ, ಮಾರಿಬಿಡು" ಅಂತ ತಮ್ಮ ಹೇಳುತ್ತಿರುತ್ತಾನೆ. ಅವನ ಮಾತಿನಲ್ಲೂ ಲೆಕ್ಕವಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ನಮ್ಮದು ಮತ್ತೆ ಎಫ್‌ಸಿಗೆ (ಆ ನವೀಕರಣದ ತಪಾಸಣೆಗೆ) ಹೋಗುವುದು 2027ಕ್ಕೆ. ಆಗಿನದು ಆಗ ನೋಡೋಣ. ಹೊಸ ಕಾರಿನ ಒಂದು ತಿಂಗಳ ಕಂತಿನಲ್ಲಿ ನಾನು ಈ ಗಾಡಿಗೆ ಒಂದು ವರ್ಷ ಸಾಮಾನು ಹಾಕುತ್ತೇನೆ ಅಂದರೆ ಅವನು ನಂಬುವುದಿಲ್ಲ. ಡೈರಿ ತೋರಿಸಿದೆ. ಈಗ ನಾನೂ ಡೈರಿ ಬರೆಯುತ್ತೇನೆ, ಅದೇ ಸೊಸೈಟಿಯದು.

ಮೊನ್ನೆ ಭಾನುವಾರ ಮಗಳನ್ನು ಟ್ಯೂಷನ್ನಿಗೆ ಬಿಡಲು ಹೋಗುತ್ತಿದ್ದೆ. ಸರ್ಕಲ್ಲಿನಲ್ಲಿ ತಿರುಗಿಸುವಾಗ ಅವಳು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು. "ಅಮ್ಮಾ, ತಿರುಗಿಸುವಾಗ ಮಾತ್ರ ಟಕ್ ಟಕ್ ಅನ್ನುತ್ತೆ. ನೇರ ಹೋಗುವಾಗ ಇಲ್ಲ." ನನಗೆ ಕೇಳಿಸಿಯೇ ಇರಲಿಲ್ಲ. ಮನೆಗೆ ಬಂದು ಸ್ಟೀರಿಂಗ್ ಪೂರ್ತಿ ತಿರುಗಿಸಿ ಇಟ್ಟು, ಟಾರ್ಚ್ ಹಾಕಿ ನೋಡಿದೆ. ಆಕ್ಸಲ್ ತುದಿಯ ರಬ್ಬರ್ ಬೂಟ್ ಸೀಳಿದೆ. ಒಳಗಿನ ಗ್ರೀಸ್ ಎಲ್ಲ ಚಕ್ರದ ಒಳಮೈಗೆ ಎರಚಿ ಅದರ ಮೇಲೆ ಕೆಂಪು ಧೂಳು ಕೂತಿದೆ. ಧೂಳು ಒಳಗೂ ಹೋಗಿರಬೇಕು, ಜಾಯಿಂಟ್ ಸವೆಯಲು ಶುರುವಾಗಿದೆ. ಬೂಟ್ ಕಿಟ್ ಹಾಕಿದರೆ ಸಾಕೋ, ಜಾಯಿಂಟೇ ಬೇಕೋ ಬಿಚ್ಚಿದ ಮೇಲೆ ಗೊತ್ತಾಗುತ್ತದೆ. ಶನಿವಾರ ರಜೆ ಇದೆ. ಹಬ್‌ನ ದೊಡ್ಡ ನಟ್ಟು ಬಿಚ್ಚಲು ಉದ್ದ ಪೈಪ್ ಬೇಕು. ಅಡಿಕೆ ಚಪ್ಪರದಿಂದ ಒಂದು ಕಬ್ಬಿಣದ ಪೈಪ್ ಎಳೆದಿಟ್ಟಿದ್ದೇನೆ. ಅತ್ತೆ ಇನ್ನೂ ನೋಡಿಲ್ಲ.