ಲೆಸ್ಟರ್ ಗೆದ್ದ ವರ್ಷ, ಬೆಂಗಳೂರು ಗೆದ್ದ ರಾತ್ರಿ

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಪಕ್ಕದ ಮನೆಯ ಹುಡುಗನಿಗೆ 2025ರಲ್ಲಿ ಹನ್ನೆರಡು ವರ್ಷ. ಆ ಜೂನ್ ಮೊದಲ ವಾರದಲ್ಲಿ ನಾನು ಬಿನ್ ಹೊರಗಿಡುತ್ತಿದ್ದಾಗ ಬೇಲಿಯ ಆ ಕಡೆಯಿಂದ ಕೂಗಿದ. ಟಿವಿಯಲ್ಲಿ ಬೆಂಗಳೂರಿನ ಸುದ್ದಿ ನೋಡಿದ್ದನಂತೆ, ಆರ್‌ಸಿಬಿ ಗೆಲುವಿನ ಸಂಭ್ರಮದ ಕಾಲ್ತುಳಿತದಲ್ಲಿ ಜನ ಸತ್ತ ಸುದ್ದಿ. "ನಮ್ಮ ಟೀಮ್ ಗೆದ್ದಾಗ ನಾನು ಅಪ್ಪನ ಹೆಗಲ ಮೇಲೆ ಕೂತು ಕಪ್ ನೋಡಿದ್ದೆ. ನಿಮ್ಮೂರಲ್ಲಿ ಕಪ್ ನೋಡೋಕೆ ಹೋದವರು ಯಾಕೆ ಮನೆಗೆ ಬರಲಿಲ್ಲ?"

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಮಗುವಿಗೆ ನಿಜವಾಗಿ ಅರ್ಥವಾಗಿರಲಿಲ್ಲ, ಅದಕ್ಕೇ ಕೇಳಿದ. ನಾನು ಏನೂ ಹೇಳಲಿಲ್ಲ. ಒಳಗೆ ಬಂದು ಅಡುಗೆಮನೆಯಲ್ಲಿ ಸುಮ್ನೆ ನಿಂತೆ.

ಅವನು ಹೇಳಿದ ಕಪ್ 2016ರದ್ದು. ಲೆಸ್ಟರ್ ಸಿಟಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದ ವರ್ಷ. ಆಗ ಅವನಿಗೆ ಮೂರು ವರ್ಷ. ಈ ಊರಲ್ಲಿ ಆ ವರ್ಷವನ್ನು ನೆನೆಯದ ಮನೆ ಇಲ್ಲ. ಟೀಮ್ 2025ರ ಏಪ್ರಿಲ್‌ನಲ್ಲಿ ಮತ್ತೆ ಕೆಳಗಿನ ಡಿವಿಜನ್‌ಗೆ ಇಳಿಯಿತು. ಮೇ 18ಕ್ಕೆ ಜೇಮಿ ವಾರ್ಡಿ ಲೆಸ್ಟರ್ ಪರ ತನ್ನ 500ನೇ ಪಂದ್ಯದಲ್ಲಿ 200ನೇ ಗೋಲ್ ಹೊಡೆದು ಟೀಮಿಗೆ ವಿದಾಯ ಹೇಳಿದ. ಊರಿಗೆ ಊರೇ ಬೇಜಾರಿನಲ್ಲಿತ್ತು. ಆದರೂ ಬಸ್ಸಲ್ಲಿ, ಅಂಗಡಿಯಲ್ಲಿ ಯಾರಾದರೂ 2016 ಅಂದರೆ ಸಾಕು, ಮುಖ ಅರಳುತ್ತದೆ. ಸೋಲು ಎಷ್ಟೇ ಬರಲಿ, ಆ ನೆನಪನ್ನು ಅವರಿಂದ ಯಾರೂ ಕಿತ್ತುಕೊಂಡಿಲ್ಲ.

ನಾನು ಇಲ್ಲಿಗೆ ಬಂದಾಗ ನನಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ನಮ್ಮದು ಕ್ರಿಕೆಟ್ ಮನೆ. ದಾರಿ ತೋರಿಸಿದವರು ಈ ಹುಡುಗನ ತಾತ. ಹಳೆಯ ಫಿಲ್ಬರ್ಟ್ ಸ್ಟ್ರೀಟ್ ಮೈದಾನದ ಕಾಲದಿಂದ ಟೀಮಿನ ಹಿಂದೆ ಹೋದವರು. 2008ರಲ್ಲಿ ಲೆಸ್ಟರ್ ಮೂರನೇ ಡಿವಿಜನ್‌ಗೆ ಬಿದ್ದಾಗಲೂ ಸೀಸನ್ ಟಿಕೆಟ್ ಬಿಡಲಿಲ್ಲ. 2015ರ ಚಳಿಗಾಲದಲ್ಲಿ ಟೀಮ್ ಪಟ್ಟಿಯ ಕೊನೆಯಲ್ಲಿತ್ತು. ಇನ್ನೇನು ಇಳಿಯಿತು ಅನ್ನುವಾಗ ಕೊನೆಯ 9 ಪಂದ್ಯಗಳಲ್ಲಿ 7 ಗೆದ್ದು ಉಳಿದುಕೊಂಡಿತು. ಅದೇ ಮಾರ್ಚ್‌ನಲ್ಲಿ, ಕಾರ್ ಪಾರ್ಕ್ ಕೆಳಗೆ ಸಿಕ್ಕ ಮೂರನೇ ರಿಚರ್ಡ್ ರಾಜನ ಅಸ್ಥಿಯನ್ನು ನಮ್ಮ ಕೆಥೆಡ್ರಲ್‌ನಲ್ಲಿ ಮರುಸಮಾಧಿ ಮಾಡಿದ್ದರು. ರಾಜನೇ ಕಾಪಾಡಿದ ಅಂತ ಇಲ್ಲಿ ಎಷ್ಟೋ ಜನ ಇವತ್ತಿಗೂ ಹೇಳುತ್ತಾರೆ. ತಾತ ಮಾತ್ರ ಒಪ್ಪುವುದಿಲ್ಲ. "ಹುಡುಗರು ಓಡಿದರು, ಅಷ್ಟೇ" ಅನ್ನುತ್ತಾರೆ.

ಮುಂದಿನ ಸೀಸನ್‌ಗೆ ಕ್ಲಾಡಿಯೊ ರಾನಿಯೇರಿ ಕೋಚ್ ಆಗಿ ಬಂದರು. ಅದಕ್ಕೆ ಮೊದಲು ಗ್ರೀಸ್ ತಂಡದಲ್ಲಿದ್ದರು. ಪುಟ್ಟ ಫಾರೋ ದ್ವೀಪಗಳ ಎದುರು ಸೋತು ಆ ಕೆಲಸ ಕಳೆದುಕೊಂಡಿದ್ದರು. ಇವರು ಯಾಕೆ ಬೇಕಿತ್ತು ಅಂತ ಕೇಳಿದವರೇ ಜಾಸ್ತಿ. ಲೆಸ್ಟರ್ ಲೀಗ್ ಗೆಲ್ಲುವುದಕ್ಕೆ ಬೆಟ್ಟಿಂಗ್ ಅಂಗಡಿಯವರು ಕೊಟ್ಟ ದರ 5000ಕ್ಕೆ 1. ಒಂದು ಪೌಂಡ್ ಕಟ್ಟಿದರೆ ಐದು ಸಾವಿರ ಪೌಂಡ್. ಆಗುವ ಮಾತೇ ಅಲ್ಲ ಅಂತ ಅರ್ಥ.

ಆ ಟೀಮಿನಲ್ಲಿ ಇದ್ದವರು ಯಾರು ಅಂತ ನೋಡಿ. ವಾರ್ಡಿ ಹಿಂದೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾ ಸಣ್ಣ ಕ್ಲಬ್ಬುಗಳಲ್ಲಿ ಆಡುತ್ತಿದ್ದವನು. ರಿಯಾದ್ ಮಹ್ರೆಜ್ ಫ್ರಾನ್ಸಿನ ಎರಡನೇ ಡಿವಿಜನ್‌ನಿಂದ ಕಡಿಮೆ ದುಡ್ಡಿಗೆ ಬಂದವನು. ಎನ್‌ಗೋಲೊ ಕಾಂಟೆ ಆ ಬೇಸಿಗೆಯಲ್ಲಿ ಬಂದ ಹೊಸಬ. ಮೈದಾನದಲ್ಲಿ ಎಲ್ಲಿ ಚೆಂಡಿತ್ತೋ ಅಲ್ಲಿ ಅವನಿದ್ದ. ವೆಸ್ ಮಾರ್ಗನ್ ಕ್ಯಾಪ್ಟನ್. ಗೋಲ್‌ನಲ್ಲಿ ಕ್ಯಾಸ್ಪರ್ ಷ್ಮೈಕಲ್. ದೊಡ್ಡ ಟೀಮುಗಳು ಬೇಡ ಅಂದವರು, ನೋಡದೇ ಬಿಟ್ಟವರು ಎಷ್ಟೋ ಜನ ಅಲ್ಲಿ ಸೇರಿದ್ದರು.

ಮೊದಲ ಒಂಬತ್ತು ಪಂದ್ಯಗಳಲ್ಲೂ ಎದುರಾಳಿಗೆ ಗೋಲ್ ಬಿಟ್ಟುಕೊಟ್ಟಿದ್ದರು. ಒಂದು ಪಂದ್ಯದಲ್ಲಾದರೂ ಗೋಲ್ ಬಿಡದೇ ಆಡಿ, ಪಿಜ್ಜಾ ಕೊಡಿಸುತ್ತೇನೆ ಅಂತ ರಾನಿಯೇರಿ ಹೇಳಿದ್ದರು. ಅಕ್ಟೋಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೇಲೆ 1-0 ಬಂತು. ಪಿಜ್ಜಾ ಅಂಗಡಿಗೆ ಕರೆದುಕೊಂಡು ಹೋಗಿ, ನೀವೇ ಹಿಟ್ಟು ತಟ್ಟಿ ಮಾಡಿಕೊಳ್ಳಿ ಅಂದರು. ಆಟಗಾರರು ಹಿಟ್ಟು ಹಾರಿಸುವ ಫೋಟೊಗಳು ಬಂದಾಗ ನಮ್ಮ ಆಫೀಸಿನಲ್ಲಿ ಕೆಲಸವೇ ನಡೆಯಲಿಲ್ಲ. ನವೆಂಬರ್ 28ಕ್ಕೆ ವಾರ್ಡಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಗೋಲ್ ಹೊಡೆದ. ಸತತ 11 ಪಂದ್ಯಗಳಲ್ಲಿ ಗೋಲ್. ಅದುವರೆಗಿನ ದಾಖಲೆ 10 ಆಗಿತ್ತು.

ಬೆಲ್‌ಗ್ರೇವ್ ರಸ್ತೆಯ ಸೀರೆ ಅಂಗಡಿ, ಮಿಠಾಯಿ ಅಂಗಡಿಗಳಲ್ಲಿ ಆ ಹೊತ್ತಿಗೆ ನೀಲಿ ಬಾವುಟ ಬಂದಿದ್ದವು. ಆ ರಸ್ತೆಯ ಕಥೆ ಗೊತ್ತಿದ್ದವರಿಗೆ ಅದು ಸಣ್ಣ ವಿಷಯ ಅಲ್ಲ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಓಡಿಸಿದಾಗ, ದಯವಿಟ್ಟು ಲೆಸ್ಟರ್‌ಗೆ ಬರಬೇಡಿ ಅಂತ ಇಲ್ಲಿನ ಕೌನ್ಸಿಲ್ ಅಲ್ಲಿನ ಪತ್ರಿಕೆಯಲ್ಲೇ ಜಾಹೀರಾತು ಹಾಕಿತ್ತು. ಅವರು ಬಂದರು. ದುಡಿದರು. ಅವರ ಮೊಮ್ಮಕ್ಕಳು ನೀಲಿ ಅಂಗಿ ಹಾಕಿಕೊಂಡು ಈ ಟೀಮನ್ನು ನಮ್ಮದು ಅಂದರು. ನಾನು ಆ ರಸ್ತೆಯಲ್ಲಿ ಕೊತ್ತಂಬರಿ, ಕರಿಬೇವು ತರಲು ಹೋದರೆ ಗುಜರಾತಿ ಅಜ್ಜಿಯರು ಸ್ಕೋರ್ ಹೇಳುತ್ತಿದ್ದರು.

ಫೆಬ್ರವರಿ ಬಂದಾಗ ಊರಿಗೆ ನಂಬಿಕೆ ಹುಟ್ಟಿತು. ಮ್ಯಾಂಚೆಸ್ಟರ್ ಸಿಟಿಯನ್ನು ಅವರ ಮೈದಾನದಲ್ಲೇ 3-1ಕ್ಕೆ ಸೋಲಿಸಿದರು. ಮುಂದಿನ ವಾರ ಆರ್ಸೆನಲ್ ಎದುರು ಕೊನೆಯ ನಿಮಿಷದ ಗೋಲಿಗೆ ಸೋತರು. ಆ ಸೀಸನ್‌ನ 38 ಪಂದ್ಯಗಳಲ್ಲಿ ಸೋತಿದ್ದು ಮೂರೇ, ಇದು ಮೂರನೆಯದು. ಎಲ್ಲ ಮುಗಿಯಿತು ಅಂತ ಟಿವಿಯವರು ಹೇಳಿದರು.

ಅದಾದ ಮೇಲಿನ ಪಂದ್ಯಕ್ಕೆ ತಾತ ನನ್ನನ್ನು ಕರೆದುಕೊಂಡು ಹೋದರು. ಅವರ ಪಕ್ಕದ ಸೀಟಿನ ಗೆಳೆಯರಿಗೆ ಹುಷಾರಿರಲಿಲ್ಲ. ಫೆಬ್ರವರಿ 27, ನಾರ್ವಿಚ್ ವಿರುದ್ಧ. ಪ್ರತಿ ಸೀಟಿನ ಮೇಲೂ ಮಡಚಿದ ರಟ್ಟು ಇಟ್ಟಿದ್ದರು, ಬಡಿದರೆ ಚಪ್ಪಾಳೆಯ ಸದ್ದು ಬರುತ್ತದೆ. ಮೂವತ್ತೆರಡು ಸಾವಿರ ಜನ ಬಡಿದರೆ ಎದೆಯೊಳಗೆ ಕೇಳುತ್ತದೆ. ಗಂಟೆ ಕಳೆದರೂ ಗೋಲ್ ಇಲ್ಲ. ಚಳಿ. ತಾತ ಮಾತೇ ನಿಲ್ಲಿಸಿದ್ದರು. 89ನೇ ನಿಮಿಷದಲ್ಲಿ ನಮ್ಮ ಟೀಮಿನ ಉಲೋವಾ ಗೋಲ್ ಮುಂದೆ ಕಾಲು ಚಾಚಿದ. ಚೆಂಡು ಒಳಗೆ! ನನ್ನ ಸುತ್ತ ಇದ್ದವರೆಲ್ಲ ಒಟ್ಟಿಗೆ ಹಾರಿದರು, ನಾನೂ ಹಾರಿದೆ. ಗುರುತಿಲ್ಲದ ಹೆಂಗಸೊಬ್ಬರು ನನ್ನ ಕೆನ್ನೆಗೆ ಮುತ್ತು ಕೊಟ್ಟರು. ಲೆಸ್ಟರ್ ಯೂನಿವರ್ಸಿಟಿಯ ವಿದ್ಯಾರ್ಥಿಗಳು ಹತ್ತಿರದ ಶಾಲೆಯೊಂದರಲ್ಲಿ ಭೂಕಂಪ ಅಳೆಯುವ ಯಂತ್ರ ಇಟ್ಟಿದ್ದರು. ಆ ಗೋಲಿಗೆ ಅದು 0.3 ತೀವ್ರತೆಯ ಕಂಪನ ದಾಖಲಿಸಿತು. ಅದರಲ್ಲಿ ನನ್ನ ಪಾದದ್ದೂ ಒಂದು ಪಾಲು ಇದೆ ಅಂತ ನನಗೆ ಇವತ್ತಿಗೂ ಹೆಮ್ಮೆ.

ಮಾರ್ಚ್ 5ರಿಂದ ಏಪ್ರಿಲ್ 3ರವರೆಗೆ ಬರೀ 1-0, 1-0. ಒಕಾಝಾಕಿಯ ಬೈಸಿಕಲ್ ಕಿಕ್, ಮಾರ್ಗನ್‌ನ ಹೆಡರ್. ಪ್ರತಿ ವಾರ ಉಸಿರು ಬಿಗಿಹಿಡಿದು ನೋಡಿದ್ದು.

ಏಪ್ರಿಲ್ 24ಕ್ಕೆ ಸ್ವಾನ್ಸಿ ಮೇಲೆ 4-0. ಎರಡು ದಿನ ಬಿಟ್ಟು ಸಂಜೆ ಪಕ್ಕದ ಮನೆಗೆ ಹೋದೆ. ತಾತ ಟಿವಿ ಮುಂದೆ ಕೂತು ಅಳುತ್ತಿದ್ದರು. ಫುಟ್‌ಬಾಲ್ ಮಾತೇ ಇಲ್ಲ. ಹಿಲ್ಸ್‌ಬರೋ ತೀರ್ಪು ಬಂದ ದಿನ ಅದು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಆ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಕಬ್ಬಿಣದ ಬೇಲಿಗೆ ಒತ್ತಿಹೋಗಿ ಸತ್ತರು. ಈಗ ಆ ಲೆಕ್ಕ 97. ಆಗ ಪೊಲೀಸರೂ ಒಂದು ಪತ್ರಿಕೆಯೂ ತಪ್ಪು ಅಭಿಮಾನಿಗಳದ್ದೇ ಅಂದಿದ್ದರು. ಕುಡಿದು ಬಂದಿದ್ದರು, ನುಗ್ಗಿದ್ದರು ಅಂತ. ಮನೆಯವರು 27 ವರ್ಷ ಹೋರಾಡಿದರು. 2016ರ ಏಪ್ರಿಲ್ 26ಕ್ಕೆ ಜ್ಯೂರಿ ಹೇಳಿತು: ಅಭಿಮಾನಿಗಳದ್ದು ತಪ್ಪಲ್ಲ, ಇವು ಕಾನೂನುಬಾಹಿರ ಸಾವುಗಳು.

"ಆ ಕಾಲದಲ್ಲಿ ನಾನೂ ಮಗನ ಕೈ ಹಿಡಿದು ಅಂಥದೇ ಬೇಲಿಯ ಹಿಂದೆ ನಿಲ್ಲುತ್ತಿದ್ದೆ" ಅಂದರು ತಾತ. ಆ ಮಗನೇ ಈ ಹುಡುಗನ ಅಪ್ಪ. ಹಿಲ್ಸ್‌ಬರೋ ಆದ ಮೇಲೆ ಬೇಲಿಗಳು ಹೋದವು, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಸೀಟು ಬಂತು. ಇಲ್ಲಿಯ ಜನ ಹುಟ್ಟುತ್ತಲೇ ಶಿಸ್ತು ಕಲಿತವರೇನಲ್ಲ. ಜೀವ ತೆತ್ತು ಕಲಿತರು.

ಮೇ 2, ಸೋಮವಾರ. ಚೆಲ್ಸಿ ವಿರುದ್ಧ ಟಾಟನ್‌ಹ್ಯಾಮ್ ಗೆಲ್ಲದಿದ್ದರೆ ಲೀಗ್ ನಮ್ಮದು. ಅರ್ಧ ಆಟಕ್ಕೆ ಟಾಟನ್‌ಹ್ಯಾಮ್ 2-0 ಮುಂದಿತ್ತು. ಚೆಲ್ಸಿ ಒಂದು ಗೋಲ್ ತೀರಿಸಿತು. 83ನೇ ನಿಮಿಷದಲ್ಲಿ ಹಝಾರ್ಡ್ ಎರಡನೆಯದು. ನಮ್ಮ ಬೀದಿಯ ಎಲ್ಲ ಮನೆಗಳಿಂದ ಒಂದೇ ಕೂಗು. ಪಂದ್ಯ ಮುಗಿದಾಗ ಜನ ಚಪ್ಪಲಿಯಲ್ಲಿ, ನೈಟ್ ಡ್ರೆಸ್‌ನಲ್ಲಿ ರಸ್ತೆಗೆ ಬಂದರು. ಕಾರುಗಳ ಹಾರ್ನ್ ಬೆಳಗಿನ ಜಾವದವರೆಗೂ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಆಗ ರಾತ್ರಿ ಎರಡೂವರೆ. ಅಕ್ಕನ ಮಗ ನಿದ್ದೆಗೆಟ್ಟು ನೋಡುತ್ತಿದ್ದ. ನನ್ನಿಂದ ಈ ಟೀಮಿನ ಹುಚ್ಚು ಹತ್ತಿಸಿಕೊಂಡವನು, ಇನ್ನೂ ಹೈಸ್ಕೂಲು. ಫೋನಿನಲ್ಲಿ ಇಬ್ಬರೂ ಕಿರುಚಿದೆವು.

ಅದೇ ತಿಂಗಳ 29ಕ್ಕೆ ಅವನೇ ಫೋನ್ ಮಾಡಿ ಅತ್ತ. ಚಿನ್ನಸ್ವಾಮಿಯಲ್ಲೇ ಐಪಿಎಲ್ ಫೈನಲ್. ಕೊಹ್ಲಿ ಆ ಸೀಸನ್‌ನಲ್ಲಿ 973 ರನ್ ಹೊಡೆದಿದ್ದರೂ ಆರ್‌ಸಿಬಿ 8 ರನ್‌ನಿಂದ ಸೋತಿತು. "ಚಿಕ್ಕಮ್ಮ, ನಿಮ್ದು ಗೆಲ್ತು. ನಮ್ದು ಯಾವಾಗ?" ಅಂದಿದ್ದ.

ಲೆಸ್ಟರ್‌ನ ಮೆರವಣಿಗೆ ನಡೆದದ್ದು ಮೇ 16ಕ್ಕೆ. ಲೀಗ್ ಖಚಿತವಾಗಿ ಎರಡು ವಾರದ ಮೇಲೆ. ಯಾವ ರಸ್ತೆ, ಎಷ್ಟು ಗಂಟೆಗೆ, ಎಲ್ಲಿ ಮುಗಿಯುತ್ತದೆ, ಎಲ್ಲ ಮೊದಲೇ ಗೊತ್ತಿತ್ತು. ತೆರೆದ ಬಸ್ಸುಗಳಲ್ಲಿ ಆಟಗಾರರು ಊರಿನ ನಡುವೆ ಸಾಗಿ ವಿಕ್ಟೋರಿಯಾ ಪಾರ್ಕ್ ಸೇರಿದರು. ಸುಮಾರು 2,40,000 ಜನ ಅಂದರು. ಇಡೀ ನಗರದ ಜನಸಂಖ್ಯೆ ಮೂರೂವರೆ ಲಕ್ಷದ ಆಸುಪಾಸು. ಟ್ರಾಫಿಕ್ ದೀಪದ ಕಂಬ ಹತ್ತಿದವರಿದ್ದರು, ಬಸ್ ಸ್ಟಾಪಿನ ಚಾವಣಿ ಏರಿದವರಿದ್ದರು. ನನ್ನ ಮುಂದೆ ಈ ಹುಡುಗ ಅಪ್ಪನ ಹೆಗಲ ಮೇಲೆ. ಪಕ್ಕದಲ್ಲಿ ತಾತ. ಮಾರ್ಗನ್ ಕಪ್ ಎತ್ತಿದಾಗ ತಾತ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಆಮೇಲೆ ನಾವೆಲ್ಲ ನಡೆದುಕೊಂಡು ಮನೆಗೆ ಬಂದೆವು. ದಾರಿಯಲ್ಲಿ ಚಿಪ್ಸ್ ತಿಂದೆವು.

2025ರ ಜೂನ್ 3ಕ್ಕೆ ಆರ್‌ಸಿಬಿ ಐಪಿಎಲ್ ಗೆದ್ದಿತು. 18 ವರ್ಷದ ಕಾಯುವಿಕೆ. ಮಾರನೇ ದಿನವೇ ಸಂಭ್ರಮ ಇಟ್ಟರು. ಮೆರವಣಿಗೆ ಇದೆಯೋ ಇಲ್ಲವೋ, ಪಾಸ್ ಬೇಕೋ ಬೇಡವೋ, ಜನರಿಗೆ ಸರಿಯಾಗಿ ಗೊತ್ತಾಗಲಿಲ್ಲ. ಚಿನ್ನಸ್ವಾಮಿ ಗೇಟುಗಳ ಹೊರಗೆ 11 ಜನ ಸತ್ತರು. ಹೆಚ್ಚಿನವರು ಎಳೆ ವಯಸ್ಸಿನವರು. ನನಗೆ ಇನ್ನೂ ಜಾಸ್ತಿ ನೋವಾದದ್ದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತಿಗೆ. "ಯಾರು ಹೋಗು ಅಂದಿದ್ರು ಇವರಿಗೆ? ಕೆಲಸ ಇಲ್ವಾ?" ಹಿಲ್ಸ್‌ಬರೋದಲ್ಲಿ ಸತ್ತವರ ಬಗ್ಗೆಯೂ ಹೀಗೇ ಮಾತಾಡಿದ್ದರು. ಅದನ್ನು ಸುಳ್ಳು ಅಂತ ತೋರಿಸಲು ತಾಯಂದಿರು ಮುದುಕಿಯರಾಗಬೇಕಾಯಿತು. ನಾನೂ ಹೋಗಿದ್ದೆ, ಕೆಲಸ ಬಿಟ್ಟು, ಎರಡು ಲಕ್ಷ ಜನರ ನಡುವೆ. ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ತನ್ನ ಟೀಮಿನ ಕಪ್ ಕಣ್ಣಾರೆ ನೋಡಬೇಕು ಅನ್ನುವುದು ಲೆಸ್ಟರ್‌ನಲ್ಲಿ ಪ್ರೀತಿ, ಬೆಂಗಳೂರಿನಲ್ಲಿ ಕೆಲಸಗೇಡಿತನ ಹೇಗಾಗುತ್ತದೆ? 18 ವರ್ಷ ಕಾದ ಜನ ಇನ್ನೂ ಎರಡು ವಾರ ಖಂಡಿತ ಕಾಯುತ್ತಿದ್ದರು. ಕಾಯಿರಿ ಅಂತ ಅವರಿಗೆ ಯಾರೂ ಹೇಳಲಿಲ್ಲ.

ಅಕ್ಕನ ಮಗನಿಗೆ ಈಗ ಕೆಲಸ ಸಿಕ್ಕಿದೆ. ಅವನೂ ಹೋಗಿದ್ದ. ಕಬ್ಬನ್ ಪಾರ್ಕ್ ಹತ್ತಿರ ನೂಕುನುಗ್ಗಲು ನೋಡಿ ವಾಪಸ್ ಬಂದ. ಎಷ್ಟೋ ದಿನ ಫೋನ್ ಎತ್ತಲಿಲ್ಲ. ಕೊನೆಗೆ ಒಂದು ಭಾನುವಾರ ಸಿಕ್ಕ. "ಚಿಕ್ಕಮ್ಮ, ಗೆದ್ದಿದ್ದನ್ನ ಯಾರ ಹತ್ರಾನೂ ಹೇಳ್ಕೊಳ್ಳೋಕೆ ಆಗ್ತಿಲ್ಲ. ಜೆರ್ಸಿ ಹಾಕ್ಕೊಂಡ್ರೆ ತಪ್ಪು ಮಾಡ್ದಂಗೆ ಅನ್ಸತ್ತೆ" ಅಂದ.

ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹನ್ನೊಂದು ಮನೆಗಳ ದುಃಖದ ಮುಂದೆ ಇದು ದೊಡ್ಡದಲ್ಲ, ಅದು ಅವನಿಗೂ ಗೊತ್ತು. ಆದರೂ ಬಾಲ್ಯದಿಂದ ಕಾದ ಹುಡುಗನಿಗೆ ಗೆದ್ದ ನೆನಪು ಒಂದೇ ರಾತ್ರಿಗೆ ಮುಗಿದು ಹೋಯಿತಲ್ಲ. ನಮ್ಮ ತಾತನಿಗೆ ಮಹ್ರೆಜ್‌ನ ಒಂದೊಂದು ಗೋಲೂ ಬಾಯಿಪಾಠ. ಟೀಮ್ ಕೆಳಗಿಳಿದ ದಿನವೂ ಅದನ್ನೇ ಹೇಳುತ್ತಾ ಕೂತಿದ್ದರು. ಇವನಿಗೂ ಹಾಗೆ ಹೇಳಿಕೊಳ್ಳುವ ಹಕ್ಕಿದೆ.

ಮ್ಯಾಚ್ ಹೇಗಿತ್ತು ಹೇಳು ಅಂದೆ. ನೀವು ನೋಡಿದ್ರಲ್ವಾ ಅಂದ. ನೋಡಿದ್ದೆ, ಆದರೂ ನಿನ್ನ ಬಾಯಲ್ಲಿ ಕೇಳಬೇಕು ಅಂದೆ. ಮೊದಲು ತಡವರಿಸಿದ. 190 ಸಾಲದು ಅಂತ ಭಯ ಇತ್ತು ಅಂದ. ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದದ್ದಕ್ಕೆ ಬಂದಾಗ ದನಿ ಏರಿತು. ಹಿಂದಿನಿಂದ ಅಕ್ಕ ಊಟಕ್ಕೆ ಕರೆದಳು, ಬರ್ತೀನಿ ಇರು ಅಂದ. ಕೊನೆಯ ಓವರ್‌ನಲ್ಲಿ ಪಂಜಾಬ್‌ಗೆ 29 ಬೇಕು, ಶಶಾಂಕ್ ಸಿಂಗ್ ಕ್ರೀಸ್‌ನಲ್ಲಿ, ಹೇಝಲ್‌ವುಡ್ ಕೈಯಲ್ಲಿ ಚೆಂಡು. ಮೊದಲ ಎರಡು ಬಾಲ್ ಡಾಟ್. ಇನ್ನೂ ಓವರ್ ಮುಗಿದಿರಲಿಲ್ಲ, ಕೊಹ್ಲಿ ಕಣ್ಣಲ್ಲಿ ನೀರು. "ಆಗ ನಾನೂ ಅತ್ತೆ ಚಿಕ್ಕಮ್ಮ" ಅಂದ. ಆಮೇಲೆ ಆ ಎರಡು ಡಾಟ್ ಬಾಲ್‌ಗಳನ್ನು ಮತ್ತೆ ಮೊದಲಿಂದ ಹೇಳಿದ.