ಹಳದಿ ಎಂಬ ಹೆಸರಿನ ಊರು

ಅಟ್ಲಾಂಟಾದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ಸಾಗಿದರೆ ಏರಿಳಿತದ ನೆಲ ಮೆಲ್ಲಗೆ ಎತ್ತರವಾಗುತ್ತ ಬ್ಲೂ ರಿಡ್ಜ್ ಪರ್ವತಗಳ ತಪ್ಪಲನ್ನು ಸೇರುತ್ತದೆ. ಜಾರ್ಜಿಯಾ ರಾಜ್ಯದ ಲಂಪ್ಕಿನ್ ಕೌಂಟಿಯ ಆಡಳಿತ ಕೇಂದ್ರವಾದ ಡಲಾನೆಗಾ ಇರುವುದು ಅಲ್ಲಿ. ಗದಗದಿಂದ ಬಂದಿದ್ದ ನನ್ನ ತಂದೆಯವರನ್ನು ಕಳೆದ ವರ್ಷ ಒಂದು ದಿನ ಆ ಊರಿಗೆ ಕರೆದುಕೊಂಡು ಹೋಗಿದ್ದೆ.

ಊರ ನಡುವಿನ ಚೌಕದಲ್ಲಿ ಕೆಂಪು ಇಟ್ಟಿಗೆಯ ಹಳೆಯ ನ್ಯಾಯಾಲಯವಿದೆ. 1836ರಲ್ಲಿ ಕಟ್ಟಿದ ಈ ಕಟ್ಟಡದಲ್ಲಿ 1965ರವರೆಗೂ ಕಲಾಪಗಳು ನಡೆದವು. ಈಗ ಅದು ಚಿನ್ನದ ವಸ್ತುಸಂಗ್ರಹಾಲಯ. ಸುತ್ತಲಿನ ಮಣ್ಣಿನಿಂದಲೇ ಸುಟ್ಟ ಆ ಇಟ್ಟಿಗೆಗಳಲ್ಲಿ ಚಿನ್ನದ ಕಣಗಳಿವೆ ಎಂದು ತಿಳಿದಾಗ ತಂದೆಯವರು ಗೋಡೆಗೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು. ಬೆಟ್ಟದ ಬಿಳಿಗಲ್ಲಿನ ಸಿರಗಳಲ್ಲಿದ್ದ ಚಿನ್ನ ಮಳೆಗೆ ಸವೆದು ಹಳ್ಳಗಳ ಮರಳಿಗೆ ಇಳಿದದ್ದರಿಂದಲೇ 1828–29ರ ಸುಮಾರಿಗೆ ಸಾವಿರಾರು ಜನ ಈ ಕಣಿವೆಗಳಿಗೆ ನುಗ್ಗಿದರು. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರದ ಮರಿಗೆ ಹಿಡಿದು ಮರಳು ತೊಳೆಯುತ್ತಿದ್ದ ಜಾಲಗಾರರ ವಿಷಯವನ್ನು ಕೇಳುತ್ತ ಬೆಳೆದ ತಂದೆಯವರಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಆದರೆ ಈ ನೆಲ ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಜನರದ್ದಾಗಿತ್ತು. ‘ಹಳದಿ’ ಎಂಬ ಅರ್ಥದ ಅವರ ನುಡಿಯಿಂದಲೇ ಊರಿನ ಹೆಸರು ಬಂದಿದೆ. 1832ರಲ್ಲಿ ಜಾರ್ಜಿಯಾ ಸರ್ಕಾರವು ಚಿನ್ನವಿರುವ ಅವರ ಭೂಮಿಯನ್ನು 40 ಎಕರೆಗಳ ತುಂಡುಗಳಾಗಿ ಅಳೆದು, ಲಾಟರಿ ಎತ್ತಿ, ಬಿಳಿಯರಿಗೆ ಹಂಚಿತು. ಅದೇ ವರ್ಷ ದೇಶದ ಸರ್ವೋಚ್ಚ ನ್ಯಾಯಾಲಯವು ಚೆರೊಕೀ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯದೆಂದು ತೀರ್ಪು ನೀಡಿದ್ದರೂ ಅದು ಅವರನ್ನು ಕಾಯಲಿಲ್ಲ.

ಅಲ್ಲಿಂದ ನಾವು ವಿಶ್ವವಿದ್ಯಾಲಯದ ಆವರಣಕ್ಕೆ ನಡೆದೆವು. ಚಿನ್ನದ ತಗಡು ಹೊದಿಸಿದ ಶಿಖರವುಳ್ಳ ಪ್ರೈಸ್ ಮೆಮೋರಿಯಲ್ ಹಾಲ್ ನಿಂತಿರುವುದು, 1878ರಲ್ಲಿ ಬೆಂಕಿಗೆ ಆಹುತಿಯಾದ ಸರ್ಕಾರಿ ಟಂಕಸಾಲೆಯ ಅಡಿಪಾಯದ ಮೇಲೆ. 1838ರಿಂದ 1861ರವರೆಗೆ ಇಲ್ಲಿ ‘ಡಿ’ ಅಕ್ಷರದ ಗುರುತಿನೊಂದಿಗೆ 60 ಲಕ್ಷ ಡಾಲರ್‌ಗೂ ಮೀರಿದ ಬೆಲೆಯ ಚಿನ್ನದ ನಾಣ್ಯಗಳನ್ನು ಅಚ್ಚು ಹಾಕಲಾಯಿತು.

1838 ಎಂಬ ಆ ವರ್ಷವೇ ನನ್ನ ಮನಸ್ಸನ್ನು ಹಿಡಿದಿಟ್ಟುಕೊಂಡಿತು. ಟಂಕಸಾಲೆ ಕೆಲಸ ಆರಂಭಿಸಿದ ವರ್ಷವೇ ಸೈನಿಕರು ಚೆರೊಕೀ ಕುಟುಂಬಗಳನ್ನು ಮನೆಗಳಿಂದ ಹೊರಡಿಸಿ, ಶಿಬಿರಗಳಲ್ಲಿ ಕೂಡಿಹಾಕಿ, ಪಶ್ಚಿಮಕ್ಕೆ ಅಟ್ಟಿದರು. ಆ ವಲಸೆಯಲ್ಲಿ ಸುಮಾರು 4,000 ಜನ ಸತ್ತರೆಂದು ಅಂದಾಜಿಸಲಾಗಿದೆ. ಆ ಶಿಖರದ ಹೊಳಪನ್ನು ಬರಿಯ ಅಂದವೆಂದು ನೋಡುವುದು ಆಮೇಲೆ ನನಗೆ ಸಾಧ್ಯವಾಗಲಿಲ್ಲ.

ಸಂಜೆ ಊರಾಚೆಯ ಹಳೆಯ ಗಣಿಯೊಂದರಲ್ಲಿ, ಪ್ರವಾಸಿಗರಿಗೆಂದು ಇಟ್ಟಿದ್ದ ತೊಟ್ಟಿಯ ಬಳಿ, ತಂದೆಯವರು ತಟ್ಟೆಯಲ್ಲಿ ಮರಳು ತುಂಬಿಕೊಂಡು ನೀರಿನಲ್ಲಿ ಆಡಿಸಿದರು. ಹಗುರವಾದ ಮರಳು ಹರಿದುಹೋಗಿ ಕೊನೆಗೆ ಕರಿಮರಳಿನ ಅಂಚಿನಲ್ಲಿ ಎರಡು ಕಣಗಳು ಹೊಳೆದವು.

“ಈ ಮಂದಿ ಈಗ ಎಲ್ಲಿ ಇದ್ದಾರ?” ಎಂದು ಅವರು ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು.

“ಬಹಳ ಜನ ಒಕ್ಲಹೋಮಾದಾಗ ಇದ್ದಾರ್ರೀ ಅಪ್ಪಾ. ಸಾವಿರ ಕಿಲೋಮೀಟರಿಗೂ ಜಾಸ್ತಿ.”

“ನಡಕೊಂತ ಹೋದ್ರೇನು?”

ಹೆಚ್ಚಿನವರು ನಡೆದೇ ಹೋದರೆಂದು ಹೇಳಿದೆ. ಅವರು ತಟ್ಟೆಯನ್ನು ತೊಟ್ಟಿಯ ಅಂಚಿನ ಮೇಲಿಟ್ಟು ಕೈ ಒರೆಸಿಕೊಂಡರು.